ಜೀವಕೋಶ ಕ್ಯಾಲ್ಸಿಯಂ ಹೊರಗೆ ದಬ್ಬುತ್ತದಂತೆ, ಟೊಮ್ಯಾಟೊಗೆ ಕ್ಯಾಲ್ಸಿಯಂ ಸಾಲುತ್ತಿಲ್ಲವಂತೆ. ಎರಡೂ ಹೇಗೆ ನಿಜ?

ತಾರಸಿ ತರಕಾರಿ, ವಿದ್ಯಾರಣ್ಯಪುರ:

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ತಾರಸಿ ಮೇಲೆ ಗ್ರೋ ಬ್ಯಾಗಿನಲ್ಲಿ ಟೊಮ್ಯಾಟೊ ಹಾಕಿದ್ದೇವೆ. ಗಿಡ ನೋಡಿದರೆ ದೃಷ್ಟಿ ತಾಕಬೇಕು, ಅಷ್ಟು ಸೊಂಪಾಗಿದೆ. ಆದರೆ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬರುವ ಹೊತ್ತಿಗೆ ತಳದಲ್ಲಿ, ಅಂದರೆ ತೊಟ್ಟಿನ ಎದುರು ತುದಿಯಲ್ಲಿ, ನೀರು ಹಿಡಿದಂಥ ಒಂದು ಮಚ್ಚೆ ಕಾಣಿಸುತ್ತದೆ. ಆಮೇಲೆ ಅದು ಕಂದಾಗಿ, ಒಳಕ್ಕೆ ಕುಸಿದು, ಕೊನೆಗೆ ಒಣಗಿ ಕಪ್ಪಾಗುತ್ತದೆ. ಹುಳ ಇಲ್ಲ, ಎಲೆಗೆ ಏನೂ ಆಗಿಲ್ಲ. ಕೇಳಿದವರದೆಲ್ಲ ಒಂದೇ ಮಾತು: ಕ್ಯಾಲ್ಸಿಯಂ ಕಡಿಮೆ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ. ನಾವು ಮೊಟ್ಟೆ ತಿನ್ನುವವರಲ್ಲ, ಪಕ್ಕದ ಮನೆಯಿಂದ ಸಿಪ್ಪೆ ಇಸಿದುಕೊಂಡು ಹಾಕಿದ್ದೂ ಆಯಿತು. ಏನೂ ಬದಲಾಗಲಿಲ್ಲ.

ನನ್ನ ಅನುಮಾನ ಏನೆಂದರೆ, ನಮ್ಮದು ಬೋರ್‌ವೆಲ್ ನೀರು. ನಲ್ಲಿ ಬಾಯಿ, ಬಕೆಟ್ ಅಂಚು, ಗೀಸರ್ ಕಾಯಿಲ್ ಎಲ್ಲ ಬಿಳಿ ಕಟ್ಟಿಕೊಂಡಿದೆ. ಗ್ರೋ ಬ್ಯಾಗಿನ ಹೊರಗೂ ಬಿಳಿ ಪುಡಿ. ಅದೆಲ್ಲ ಕ್ಯಾಲ್ಸಿಯಂ ತಾನೇ? ಕುಡಿಯೋಕಾಗದಷ್ಟು ಕ್ಯಾಲ್ಸಿಯಂ ಇರುವ ನೀರು ದಿನಾ ಹಾಕಿದರೂ ಗಿಡಕ್ಕೆ ಕ್ಯಾಲ್ಸಿಯಂ ಕೊರತೆ ಹೇಗೆ ಬರುತ್ತದೆ?

ಇದನ್ನು ಮಗಳ ಹತ್ತಿರ ಹೇಳಿದೆ. ಬಿಎಸ್ಸಿ ಓದುತ್ತಿದ್ದಾಳೆ. ಅವಳು ನೋಟ್ಸ್ ತೆಗೆದು ತೋರಿಸಿದಳು, ಅದರಲ್ಲಿ ಪೂರ್ತಿ ಉಲ್ಟಾ ಇದೆ. ಗಿಡದ ಜೀವಕೋಶದ ಒಳಗೆ ಕ್ಯಾಲ್ಸಿಯಂ ಹೊರಗಿಗಿಂತ ಹತ್ತು ಸಾವಿರ ಪಟ್ಟು ಕಡಿಮೆ ಇರುತ್ತದಂತೆ, ಬಂದಿದ್ದನ್ನೆಲ್ಲ ಶಕ್ತಿ ಖರ್ಚು ಮಾಡಿ ಹೊರಗೆ ಹಾಕುತ್ತದಂತೆ. ಬೇಕು ಅಂತಾದರೆ ಯಾಕೆ ದಬ್ಬುತ್ತದೆ? ಬೇಡ ಅಂತಾದರೆ ಕಾಯಿ ಯಾಕೆ ಕೊಳೆಯುತ್ತದೆ? ಒಳಗೆ ಎಷ್ಟು ಇರಬೇಕು ಅಂತ ಅದಕ್ಕೆ ಗೊತ್ತಾಗುವುದಾದರೂ ಹೇಗೆ? ನಾನು ಕಾಮರ್ಸ್ ಓದಿದವನು, ಬ್ಯಾಂಕಿನಲ್ಲಿ ಇದ್ದವನು. ದಯವಿಟ್ಟು ಅರ್ಥ ಆಗುವ ಹಾಗೆ ಹೇಳಿ.


ಬೇರು ಬಿಳಲು:

ಸರ್, ನಾನು ಇದೇ ಊರಿನ ಒಂದು ಲ್ಯಾಬಿನಲ್ಲಿ ಗಿಡಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. ನೋಟ್ಸೂ ಸರಿ, ನಿಮ್ಮ ಅನುಮಾನವೂ ಸರಿ. ಗಿಡಕ್ಕೆ ಕ್ಯಾಲ್ಸಿಯಂ ಬೇಕು, ಆದರೆ ಎಲ್ಲ ಜಾಗದಲ್ಲೂ ಬೇಡ. ಇಲ್ಲಿ ಎಷ್ಟು ಅನ್ನುವುದಕ್ಕಿಂತ ಎಲ್ಲಿ ಅನ್ನುವುದೇ ಮುಖ್ಯ.

ಒಂದು ಕೋಶ ತೆಗೆದುಕೊಳ್ಳಿ. ಹೊರಗೆ ಕೋಶಭಿತ್ತಿ. ಅದರ ಒಳಗೆ ತೆಳುವಾದ ಪೊರೆ. ನಡುವೆ ದೊಡ್ಡದೊಂದು ರಸದಾನಿ, ಅಂದರೆ ರಸ ತುಂಬಿದ ಚೀಲ. ಬಲಿತ ಕೋಶದಲ್ಲಿ ಶೇಕಡ 80ರಿಂದ 90ರಷ್ಟು ಜಾಗ ಅದೇ ತಿಂದುಬಿಡುತ್ತದೆ. ಪೊರೆಗೂ ರಸದಾನಿಗೂ ನಡುವೆ ತೆಳ್ಳಗೆ ಒಂದು ಪದರ ಉಳಿಯುತ್ತದಲ್ಲ, ಅದು ಸೈಟೋಸಾಲ್. ಕೋಶದ ಕೆಲಸ ಬಹುಪಾಲು ಅಲ್ಲೇ ನಡೆಯುವುದು. ಹೊರಗೆ ಭಿತ್ತಿಯ ಜಾಗದಲ್ಲಿ ಬಿಡಿಬಿಡಿಯಾದ ಕ್ಯಾಲ್ಸಿಯಂ ಹೆಚ್ಚುಕಡಿಮೆ 1 ಮಿಲಿಮೋಲಾರ್ ತನಕ ಇರುತ್ತದೆ (ನೀರಿನಲ್ಲಿ ಎಷ್ಟು ಕರಗಿದೆ ಅನ್ನುವ ಅಳತೆ ಇದು; 1 ಮಿಲಿಮೋಲಾರ್ ಅಂದರೆ ಹತ್ತು ಲಕ್ಷ ನ್ಯಾನೋಮೋಲಾರ್). ರಸದಾನಿಯಲ್ಲೂ ಮಿಲಿಮೋಲಾರ್ ಲೆಕ್ಕವೇ. ಸೈಟೋಸಾಲಿನಲ್ಲಿ ಮಾತ್ರ ಸುಮಾರು 100 ನ್ಯಾನೋಮೋಲಾರ್. ಹತ್ತು ಸಾವಿರ ಪಟ್ಟು ಅಂದಿದ್ದು ಇದಕ್ಕೇ. ಅಂದರೆ ಕೋಶದ ಆಚೆಗೂ ಕ್ಯಾಲ್ಸಿಯಂ, ಒಳಗಿನ ಚೀಲದಲ್ಲೂ ಕ್ಯಾಲ್ಸಿಯಂ, ನಡುವಿನ ತೆಳು ಪದರ ಮಾತ್ರ ಖಾಲಿ ಖಾಲಿ.

ಯಾಕೆ ಖಾಲಿ ಇಡಬೇಕು? ಮೊದಲ ಕಾರಣ ಫಾಸ್ಫೇಟ್. ಕೋಶದ ಶಕ್ತಿಯ ನೋಟು ಅಂತಿರುವ ಎಟಿಪಿಯಲ್ಲಿ ಫಾಸ್ಫೇಟ್ ಇದೆ, ಡಿಎನ್‌ಎಯಲ್ಲಿದೆ, ಸುಮ್ನೆ ಕರಗಿಕೊಂಡೂ ಇದೆ. ಕ್ಯಾಲ್ಸಿಯಂ ಜಾಸ್ತಿಯಾದರೆ ಅದರ ಜೊತೆ ಸೇರಿ ಗಟ್ಟಿಯಾಗಿ ಕೂತುಬಿಡುತ್ತದೆ. ನಮ್ಮ ಮೂಳೆ ಹಲ್ಲು ಎಲ್ಲ ಆಗಿರುವುದು ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಬಗೆಯದರಿಂದಲೇ. ಮೂಳೆಗೆ ಅದು ಒಳ್ಳೆಯದು, ಸೈಟೋಸಾಲ್ ಗಟ್ಟಿಯಾದರೆ ಕೋಶದ ಕಥೆ ಮುಗಿದಂತೆ. ಹಾಗಾಗಿ ಬ್ಯಾಕ್ಟೀರಿಯಾದಿಂದ ಹಿಡಿದು ಆನೆಯ ತನಕ ಎಲ್ಲ ಜೀವಿಗಳ ಕೋಶವೂ ಕ್ಯಾಲ್ಸಿಯಂ ಹೊರಗಿಡುತ್ತದೆ. ಇದು ಗಿಡಕ್ಕೆ ಮಾತ್ರ ಇರುವ ಚಾಳಿ ಅಲ್ಲ.

ನನಗೆ ಇದಕ್ಕಿಂತ ಮಜಾ ಅನಿಸುವುದು ಎರಡನೆಯ ಕಾರಣ. ಒಳಗೆ ಏನೂ ಇಲ್ಲದ ಕಾರಣ ಸ್ವಲ್ಪ ಬಂದರೂ ಅದು ದೊಡ್ಡ ಸುದ್ದಿ. ಪೊಟ್ಯಾಷಿಯಂ ನೋಡಿ, ಸೈಟೋಸಾಲಿನಲ್ಲಿ ಅದು ಸುಮಾರು 100 ಮಿಲಿಮೋಲಾರ್ ಇರುತ್ತದೆ. ಇನ್ನೊಂದಿಷ್ಟು ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕ್ಯಾಲ್ಸಿಯಂ ಹಾಗಲ್ಲ, ಬಾಗಿಲು ಅರೆ ಕ್ಷಣ ತೆರೆದರೂ ಒಳಗಿನ ಮಟ್ಟ ಐದು ಪಟ್ಟು, ಹತ್ತು ಪಟ್ಟು ಏರುತ್ತದೆ. ತಂಪು ಗಾಳಿ ಬೀಸಿತು, ಹುಳ ಕಚ್ಚಿತು, ಉಪ್ಪು ನೀರು ಬಂತು, ಯಾರೋ ಮುಟ್ಟಿದರು, ಹೀಗೆ ಏನಾದರೂ ಆದಾಗ ಕೋಶಕ್ಕೆ ಸುದ್ದಿ ಮುಟ್ಟುವ ಮುಖ್ಯ ದಾರಿಗಳಲ್ಲಿ ಇದೂ ಒಂದು.

ಒಳಗೆ ಬರುವುದಕ್ಕೆ ಶಕ್ತಿ ಬೇಕಿಲ್ಲ. ಹೊರಗೆ ಹೆಚ್ಚಿದೆ, ಒಳಗೆ ಕಡಿಮೆ ಇದೆ. ಜೊತೆಗೆ ಪೊರೆಯ ಒಳಬದಿ ಋಣ ವಿದ್ಯುತ್ತಿನಲ್ಲಿದೆ, ಸಾಮಾನ್ಯವಾಗಿ 120ರಿಂದ 180 ಮಿಲಿವೋಲ್ಟ್‌ನಷ್ಟು. ಕ್ಯಾಲ್ಸಿಯಂ ಧನ. ಅದು ನುಗ್ಗುವುದಕ್ಕೆ ಕಾಯುತ್ತಲೇ ಇರುತ್ತದೆ, ಬಾಗಿಲು ತೆರೆದರೆ ಸಾಕು. ಆ ಬಾಗಿಲುಗಳು ಅಂದರೆ ಪೊರೆಯಲ್ಲಿ ಕೂತ ಪ್ರೋಟೀನ್ ಚಾನೆಲ್‌ಗಳು. ಪ್ರಯೋಗಕ್ಕೆ ಎಲ್ಲರೂ ಬಳಸುವ ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಜಾತಿಯ ಪುಟ್ಟ ಗಿಡದಲ್ಲೇ ಸಿಎನ್‌ಜಿಸಿ ಅನ್ನುವ ಬಗೆಯವು 20, ಜಿಎಲ್‌ಆರ್ ಅನ್ನುವವು 20 ಇವೆ. ಕೋಶ ನೀರು ಕಳೆದುಕೊಂಡು ಪೊರೆ ಎಳೆದಾಡಿದಾಗ ತೆರೆಯುವ ಓಸ್ಕಾ1 ಅನ್ನುವ ಚಾನೆಲ್ ಪತ್ತೆಯಾಗಿದ್ದು 2014ರಲ್ಲಿ.

ಸೈಟೋಸಾಲಿನಿಂದ ಹೊರಗೆ ಕಳಿಸುವುದೇ ಕಷ್ಟದ ಕೆಲಸ. ಅದಕ್ಕೆ ಎರಡು ಬಗೆಯ ಯಂತ್ರ. ಒಂದು ಎಟಿಪಿ ಉರಿಸಿ ಓಡುವ ಪಂಪು. ಎಸಿಎ, ಇಸಿಎ ಅಂತ ಎರಡು ಕುಟುಂಬ. ಇವುಗಳಲ್ಲಿ ಕೆಲವು ಹೊರಪೊರೆಯಲ್ಲಿವೆ, ಕೆಲವು ರಸದಾನಿಯ ಪೊರೆಯಲ್ಲಿ, ಕೆಲವು ಒಳಗಿನ ಬೇರೆ ಚೀಲಗಳಲ್ಲಿ. ಇನ್ನೊಂದು ಸಿಎಎಕ್ಸ್, ಇದು ಅದಲುಬದಲು ಯಂತ್ರ. ರಸದಾನಿಯ ಒಳಗೆ ಆಮ್ಲ, ಅಂದರೆ ಪ್ರೋಟಾನ್ ಜಾಸ್ತಿ. ಪ್ರೋಟಾನನ್ನು ಹೊರಗೆ ಬಿಟ್ಟು ಆ ನೂಕುಬಲದಲ್ಲಿ ಕ್ಯಾಲ್ಸಿಯಂ ಒಳಗೆ ಎಳೆದುಕೊಳ್ಳುತ್ತದೆ. ಪಂಪು ನಿಧಾನ, ಆದರೆ ಚೂರುಪಾರು ಕ್ಯಾಲ್ಸಿಯಂ ಇದ್ದರೂ ಹಿಡಿದು ಎತ್ತುತ್ತದೆ. ಸಿಎಎಕ್ಸ್ ರಾಶಿ ರಾಶಿ ಹೊರುತ್ತದೆ, ಆದರೆ ಮಟ್ಟ ಏರಿದಾಗಷ್ಟೇ ಅದರ ಕೈಗೆ ಸಿಗುತ್ತದೆ.

ಎಷ್ಟಿರಬೇಕು ಅಂತ ಹೇಗೆ ಗೊತ್ತಾಗುತ್ತದೆ ಅಂದಿರಲ್ಲ, ಅದಕ್ಕೆ ಉತ್ತರ ಪಂಪಿನ ಒಳಗೇ ಇದೆ. ಮಳೆ ನೀರು ನುಗ್ಗುವ ಬೇಸ್‌ಮೆಂಟುಗಳಲ್ಲಿ ಫ್ಲೋಟ್ ಸ್ವಿಚ್ಚಿನ ಮೋಟಾರ್ ಇಟ್ಟಿರುತ್ತಾರಲ್ಲ, ನೀರು ಏರಿದರೆ ತಾನೇ ಆನ್, ಇಳಿದರೆ ತಾನೇ ಆಫ್, ಹಾಗೆ. ಎಸಿಎ ಪಂಪಿನ ಒಂದು ತುದಿ ಮಡಚಿಕೊಂಡು ಪಂಪಿಗೇ ಬೀಗ ಹಾಕಿರುತ್ತದೆ. ಕ್ಯಾಲ್ಸಿಯಂ ಏರಿದಾಗ ಕ್ಯಾಲ್‌ಮಾಡ್ಯುಲಿನ್ ಅನ್ನುವ ಸಣ್ಣ ಪ್ರೋಟೀನ್ ನಾಲ್ಕು ಕ್ಯಾಲ್ಸಿಯಂ ತನಕ ಹಿಡಿದುಕೊಂಡು ಹೋಗಿ ಆ ತುದಿಗೆ ಅಂಟಿಕೊಳ್ಳುತ್ತದೆ, ಬೀಗ ಬಿಡುತ್ತದೆ, ಪಂಪು ಓಡುತ್ತದೆ. ಮಟ್ಟ ಇಳಿದರೆ ಮತ್ತೆ ಬೀಗ. ನಮ್ಮ ದೇಹದ ಪಂಪಿನಲ್ಲೂ ಇಂಥ ಬೀಗ ಇದೆ, ಅದು ಪ್ರೋಟೀನಿನ ಬಾಲದ ಕಡೆ. ಗಿಡದ್ದು ತಲೆಯ ಕಡೆ. ಅಳೆಯುವವನೊಬ್ಬ, ಆಜ್ಞೆ ಮಾಡುವವನೊಬ್ಬ ಅಂತ ಬೇರೆ ಯಾರೂ ಇಲ್ಲ. ಸೋರಿ ಬರುವುದು, ಎತ್ತಿ ಹಾಕುವುದು ಎಲ್ಲಿ ಸಮ ಆಗುತ್ತದೋ ಅಲ್ಲಿ ಮಟ್ಟ ನಿಲ್ಲುತ್ತದೆ.

ಟೊಮ್ಯಾಟೊ ವಿಷಯಕ್ಕೆ ಆಮೇಲೆ ಬರುತ್ತೇನೆ, ಲ್ಯಾಬಿನಲ್ಲಿ ಕರೆಯುತ್ತಿದ್ದಾರೆ.


ಕೋಲಾರದ ಹುಡ್ಗ:

ಅಣ್ಣಾ, ಇಷ್ಟೆಲ್ಲ ಓದಿ ಮುಗಿಸೋ ಹೊತ್ತಿಗೆ ನಿಮ್ಮ ಇನ್ನೊಂದು ಗೊನೆ ಕಾಯಿ ಹೋಗಿರುತ್ತದೆ :) ನಮ್ಮ ಮನೆಯಲ್ಲಿ ಟೊಮ್ಯಾಟೊ ಬೆಳೆದೇ ನಾನು ಓದಿದ್ದು. ಈಗ ಹೊಸಕೋಟೆ ಹತ್ತಿರ ಕೆಲಸ, ವಾರಕ್ಕೊಮ್ಮೆ ಊರು.

ಇದು ರೋಗ ಅಲ್ಲ, ಔಷಧಿ ಹೊಡೆಯಬೇಡಿ. ನಮ್ಮ ಕಡೆ ಮಾರ್ಚ್ ಏಪ್ರಿಲ್ ಬಿಸಿಲಲ್ಲಿ ಇದು ಇದ್ದದ್ದೇ. ಡ್ರಿಪ್ ಒಂದು ದಿನ ಓಡಿ, ಕರೆಂಟ್ ಕೈಕೊಟ್ಟು ಎರಡು ದಿನ ನಿಂತರೆ ಮುಗೀತು, ಆಗ ಕಚ್ಚಿದ ಕಾಯಿಗೆಲ್ಲ ತಳ ಕಪ್ಪು. ಕಾಯಿ ಕಚ್ಚಿದ ಮೊದಲ ಎರಡು ವಾರ ಅದು ಭರದಿಂದ ಊದುತ್ತದೆ, ಆಗ ನೀರು ಏರುಪೇರು ಆಗಬಾರದು. ಗ್ರೋ ಬ್ಯಾಗಿನಲ್ಲಂತೂ ತಾರಸಿ ಬಿಸಿಗೆ ಮಧ್ಯಾಹ್ನದ ಹೊತ್ತಿಗೆ ಮಣ್ಣು ಒಣಗಿರುತ್ತದೆ. ನೀವು ಬೆಳಿಗ್ಗೆ ಒಂದೇ ಸಲ ಸುರಿದು ಸಂಜೆ ತನಕ ತಿರುಗಿ ನೋಡುವುದಿಲ್ಲ ಅಂತ ನನ್ನ ಊಹೆ. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಏನಾದರೂ ದಪ್ಪಗೆ ಹೊದಿಸಿ. ಎರಡು ಹೊತ್ತು ಸ್ವಲ್ಪ ಸ್ವಲ್ಪ ನೀರು. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಎಲೆ ಸೊಂಪಾಗಿದೆ ಅಂದಿರಲ್ಲ, ನನಗೆ ಅದೇ ಅನುಮಾನ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತು ಬಿಸಾಕಿ.

ಮೊಟ್ಟೆ ಸಿಪ್ಪೆ ಬಗ್ಗೆ ಹೇಳುವುದಾದರೆ, ಅದು ಸುಣ್ಣದಕಲ್ಲೇ. ಕರಗುವುದಕ್ಕೆ ತಿಂಗಳುಗಟ್ಟಲೆ ಬೇಕು. ಗಡಸು ನೀರು ಹಾಕಿ ಹಾಕಿ ಮಣ್ಣು ಕ್ಷಾರ ಆಗಿದ್ದರೆ ಅಷ್ಟೂ ಕರಗುವುದಿಲ್ಲ. ನಾವು ತೋಟದಲ್ಲಿ ಕ್ಯಾಲ್ಸಿಯಂ ನೈಟ್ರೇಟ್ ಬಿಡುತ್ತೇವೆ, ಆದರೆ ನೀರು ಸರಿ ಇಲ್ಲದಿದ್ದರೆ ಅದೂ ದಂಡ.


ತಾರಸಿ ತರಕಾರಿ, ವಿದ್ಯಾರಣ್ಯಪುರ:

ಇಬ್ಬರಿಗೂ ಥ್ಯಾಂಕ್ಸ್. ಬೆಳಿಗ್ಗೆ ಒಂದೇ ಸಲ ನೀರು ಹಾಕುವುದು ಹೌದು ತಮ್ಮಾ, ಸಿಸಿ ಕ್ಯಾಮೆರಾ ಇಟ್ಟಿದ್ದೀಯಾ ಅನಿಸಿತು.

ಆದರೂ ಒಂದು ಅರ್ಥ ಆಗಲಿಲ್ಲ. ಕಾಯಿಯ ಪಕ್ಕದಲ್ಲೇ ಎಲೆ ಇದೆ. ಎಲೆಗೆ ಏನೂ ಆಗಿಲ್ಲ, ಅಂದರೆ ಅದರಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು ಇದೆ ಅಂತ ತಾನೇ. ಕಾಯಿಗೆ ಕಡಿಮೆ ಬಿದ್ದರೆ ಎಲೆಯಿಂದ ತೆಗೆದುಕೊಳ್ಳಬಹುದಲ್ಲ? ಸಾರಜನಕ ಕಡಿಮೆಯಾದಾಗ ಹಳೇ ಎಲೆ ಹಳದಿಯಾಗಿ ಹೊಸ ಎಲೆಗೆ ಕೊಡುತ್ತದೆ ಅಂತ ಓದಿದ ನೆನಪು. ಕ್ಯಾಲ್ಸಿಯಂಗೆ ಮಾತ್ರ ಯಾಕೆ ಈ ಜಿಪುಣತನ?


ಬೇರು ಬಿಳಲು:

ಇದು ಒಳ್ಳೆ ಪ್ರಶ್ನೆ ಸರ್. ಮೇಲೆ ಬರೆದ ಕೋಶದ ಕಥೆಗೂ ನಿಮ್ಮ ಕಾಯಿಗೂ ಗಂಟು ಬೀಳುವುದು ಇಲ್ಲೇ.

ಗಿಡದಲ್ಲಿ ಎರಡು ಕೊಳವೆ ಸಾಲು. ಕ್ಸೈಲಂ ಬೇರಿನಿಂದ ಮೇಲಕ್ಕೆ ನೀರು ಒಯ್ಯುತ್ತದೆ. ಅದು ಸತ್ತ ಕೋಶಗಳ ಟೊಳ್ಳು ಕೊಳವೆ. ಸತ್ತದ್ದಕ್ಕೆ ಕ್ಯಾಲ್ಸಿಯಂ ಭಯ ಇಲ್ಲ, ನೀರಿನ ಜೊತೆ ಎಷ್ಟಾದರೂ ಹೋಗಬಹುದು. ಫ್ಲೋಯಂ ಎಲೆಯಿಂದ ಸಕ್ಕರೆ ಒಯ್ಯುತ್ತದೆ. ಅದರ ಕೊಳವೆ ಜೀವಂತ ಕೋಶಗಳದ್ದು, ಒಳಗೆ ಹರಿಯುವುದು ಹೆಚ್ಚುಕಡಿಮೆ ಸೈಟೋಸಾಲ್ ಥರದ್ದೇ ರಸ. ಅದರಲ್ಲಿ ಎಟಿಪಿ ಇದೆ, ಫಾಸ್ಫೇಟ್ ಇದೆ. ಹಾಗಾದರೆ ಅಲ್ಲೂ ಅದೇ ನಿಯಮ: ಕ್ಯಾಲ್ಸಿಯಂ ತೀರಾ ಕಡಿಮೆ ಇರಬೇಕು. ಸಾರಜನಕ, ಪೊಟ್ಯಾಷಿಯಂ ಎಲ್ಲ ಫ್ಲೋಯಂ ಹತ್ತಿ ಎಲೆಯಿಂದ ಕಾಯಿಗೆ ಬರಬಹುದು. ಕ್ಯಾಲ್ಸಿಯಂಗೆ ಆ ಬಸ್ಸು ಹೆಚ್ಚುಕಡಿಮೆ ಬಂದ್. ಎಲೆಗೆ ಒಮ್ಮೆ ಹೋಗಿದ್ದು ಎಲೆಗೇ ಆಯಿತು.

ಈಗ ಕಾಯಿ ನೋಡಿ. ಟೊಮ್ಯಾಟೊ ಸಿಪ್ಪೆಗೆ ಮೇಣದ ಲೇಪ, ಪತ್ರರಂಧ್ರ ಇಲ್ಲವೇ ಇಲ್ಲ ಅನ್ನಬಹುದು. ನೀರು ಆವಿಯಾಗದಿದ್ದರೆ ಕ್ಸೈಲಂ ಎಳೆತ ಇಲ್ಲ. ಬಿಸಿಲು ಏರಿದಷ್ಟೂ ಎಲೆಗಳೇ ನೀರನ್ನೂ ಅದರ ಜೊತೆ ಕ್ಯಾಲ್ಸಿಯಂನೂ ಎಳೆದುಕೊಳ್ಳುತ್ತವೆ. ಕಾಯಿ ಊದುವುದು ಬಹುಪಾಲು ಫ್ಲೋಯಂ ತರುವ ಸಕ್ಕರೆ ನೀರಿನಿಂದ, ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಕಾಯಿಯ ಒಳಗೂ ತೊಟ್ಟಿನಿಂದ ದೂರ ಇರುವ ತುದಿಗೆ ಕ್ಸೈಲಂ ಎಳೆಗಳು ಕಡಿಮೆ. ಅದಕ್ಕೇ ಕಪ್ಪಾಗುವುದು ತಳವೇ, ಭುಜ ಅಲ್ಲ. ಕೋಲಾರದವರು ಹೇಳಿದ ನೀರಿನ ಏರುಪೇರು ಪೂರ್ತಿ ಸರಿ. ಸೊಂಪಾದ ಎಲೆ ಜಾಸ್ತಿ ಇದ್ದರೆ ಕಾಯಿಯ ಪಾಲು ಇನ್ನೂ ಕಡಿಮೆ.

ರಾತ್ರಿ ಲೆಕ್ಕ ಬೇರೆ. ಆವಿಯಾಗುವುದು ನಿಂತಾಗ, ಮಣ್ಣು ಹಸಿಯಾಗಿದ್ದರೆ, ಬೇರು ತಾನೇ ಒತ್ತಡ ಹಾಕಿ ನೀರನ್ನು ಮೇಲಕ್ಕೆ ದಬ್ಬುತ್ತದೆ. ಬೆಳಿಗ್ಗೆ ಟೊಮ್ಯಾಟೊ ಎಲೆಯ ಅಂಚಿನ ಹಲ್ಲುಗಳ ತುದಿಯಲ್ಲಿ ಸಾಲಾಗಿ ಹನಿ ನಿಂತಿದ್ದರೆ ಅದು ಬರೀ ಮಂಜಲ್ಲ, ಒಳಗಿನಿಂದ ಬಂದ ನೀರೂ ಆಗಿರಬಹುದು. ಆ ಹೊತ್ತಿನಲ್ಲಿ ಕಾಯಿಗೂ ಸ್ವಲ್ಪ ಕ್ಯಾಲ್ಸಿಯಂ ಮುಟ್ಟುತ್ತದೆ. ಸಂಜೆ ಮಣ್ಣು ಒಣಗಿದ್ದರೆ ಇದೂ ಇಲ್ಲ.

ಕಾಯಿಗೆ ಕ್ಯಾಲ್ಸಿಯಂ ಯಾಕೆ ಬೇಕು ಅಂದರೆ ಭಿತ್ತಿಗೆ. ಭಿತ್ತಿಯಲ್ಲಿರುವ ಪೆಕ್ಟಿನ್ ಎಳೆಗಳನ್ನು ಒಂದಕ್ಕೊಂದು ಕಟ್ಟುವುದು ಕ್ಯಾಲ್ಸಿಯಂ. ಬೂದುಗುಂಬಳದ ಪೇಠಾ ಮಾಡುವವರು ಹೋಳುಗಳನ್ನು ಮೊದಲು ಸುಣ್ಣದ ತಿಳಿನೀರಿನಲ್ಲಿ ನೆನೆಸುತ್ತಾರೆ, ಆಮೇಲೆ ಪಾಕದಲ್ಲಿ ಎಷ್ಟು ಕುದಿಸಿದರೂ ಹೋಳು ಕರಗುವುದಿಲ್ಲ. ಅದು ಇದೇ ಕೆಲಸ. ಪೊರೆ ಗಟ್ಟಿಯಾಗಿ ನಿಲ್ಲುವುದಕ್ಕೂ ಹೊರಗಡೆ ಕ್ಯಾಲ್ಸಿಯಂ ಇರಬೇಕು. ಇಲ್ಲದಿದ್ದರೆ ಪೊರೆ ಸೋರುತ್ತದೆ, ಕೋಶದ ರಸ ಹೊರಗೆ ಬರುತ್ತದೆ. ನೀವು ಮೊದಲು ಕಂಡ ನೀರು ಹಿಡಿದ ಮಚ್ಚೆ ಅದು.

ಒಂದು ಪ್ರಯೋಗದ ಬಗ್ಗೆ ಹೇಳಲೇಬೇಕು. ಮೇಲೆ ಸಿಎಎಕ್ಸ್ ಅಂದೆನಲ್ಲ, ಅದರಲ್ಲಿ ಸಿಎಎಕ್ಸ್1 ಅನ್ನುವುದನ್ನು 1996ರಲ್ಲಿ ಅರಾಬಿಡಾಪ್ಸಿಸ್‌ನಿಂದ ಹುಡುಕಿ ತೆಗೆದರು. ಹುಡುಕಿದ್ದೇ ಚೆಂದ: ಕ್ಯಾಲ್ಸಿಯಂ ತಡೆದುಕೊಳ್ಳಲಾಗದ ಯೀಸ್ಟಿಗೆ ಗಿಡದ ಜೀನ್‌ಗಳನ್ನು ಹಾಕಿ, ಯಾವುದು ಹಾಕಿದರೆ ಅದು ಬದುಕುತ್ತದೆ ಅಂತ ನೋಡಿದರು. ಈ ಸಿಎಎಕ್ಸ್1ಗೂ ಒಂದು ಬೀಗ ಇದೆ. ಆ ಬೀಗ ಕತ್ತರಿಸಿದ ಜೀನನ್ನು ಟೊಮ್ಯಾಟೊಗೆ ಹಾಕಿದರು. ಕಾಯಿಯಲ್ಲಿ ಒಟ್ಟು ಕ್ಯಾಲ್ಸಿಯಂ ಜಾಸ್ತಿಯೇ ಆಯಿತು. ಆದರೆ ತಳ ಕಪ್ಪಾಗುವುದೂ ಜಾಸ್ತಿ ಆಯಿತು! ಯಾಕೆಂದರೆ ಯಂತ್ರ ಬಿಡುವಿಲ್ಲದೆ ಓಡಿ ಸಿಕ್ಕಿದ್ದನ್ನೆಲ್ಲ ರಸದಾನಿಗೆ ತುಂಬಿತು, ಭಿತ್ತಿಗೂ ಪೊರೆಗೂ ಬೇಕಾದದ್ದು ಉಳಿಯಲಿಲ್ಲ. 2011ರಲ್ಲಿ ಬಂದ ಪೇಪರ್ ಇದು. ಕಾಯಿಯನ್ನು ಅರೆದು ಲ್ಯಾಬಿಗೆ ಕೊಟ್ಟು ಕ್ಯಾಲ್ಸಿಯಂ ಇಷ್ಟಿದೆ ಅಂತ ರಿಪೋರ್ಟ್ ತರಿಸುವವರು ಇದನ್ನು ಓದಬೇಕು.

ಹಾಗಂತ ಎಲ್ಲ ಇತ್ಯರ್ಥ ಆಗಿದೆ ಅಂದುಕೊಳ್ಳಬೇಡಿ. ಕ್ಯಾಲ್ಸಿಯಂ ಕೊರತೆ ಕಾರಣವೋ ಅಥವಾ ಬಿಸಿ, ಉಪ್ಪು, ಒಣಗುವಿಕೆಯಿಂದ ಪೊರೆ ಮೊದಲು ಹಾಳಾಗಿ ಆಮೇಲೆ ಕ್ಯಾಲ್ಸಿಯಂ ಲೆಕ್ಕ ತಪ್ಪುತ್ತದೋ ಅಂತ ಈ ಕ್ಷೇತ್ರದವರಲ್ಲೇ ಜಗಳ ಇದೆ. ನಾನು ಮೊದಲನೆಯದರ ಕಡೆ, ಆದರೆ ಎರಡನೆಯವರ ಮಾತಿನಲ್ಲೂ ಹುರುಳಿದೆ.


ಮೇಷ್ಟ್ರು, ಮಲ್ಲೇಶ್ವರ:

ಚರ್ಚೆ ಚೆನ್ನಾಗಿ ನಡೆಯುತ್ತಿದೆ. ನಾನು ಬಾಟನಿ ಪಾಠ ಮಾಡಿ ನಿವೃತ್ತನಾದವನು. ನಾವು ಓದುವಾಗ ಕ್ಯಾಲ್ಸಿಯಂ ಅಂದರೆ ಭಿತ್ತಿಯ ಗಾರೆ, ಅಷ್ಟೇ ಇತ್ತು. ಸುದ್ದಿ ಒಯ್ಯುತ್ತದೆ ಅನ್ನುವುದನ್ನು ಗಿಡದಲ್ಲಿ ಕಣ್ಣಾರೆ ತೋರಿಸಿದ್ದು ಹೇಗೆ ಅಂತ ಯಾರೂ ಬರೆದಿಲ್ಲ, ಅದನ್ನು ಹೇಳುತ್ತೇನೆ.

ಒಂದು ಜೆಲ್ಲಿ ಮೀನಿದೆ, ಅದರಲ್ಲಿ ಈಕ್ವೊರಿನ್ ಅನ್ನುವ ಪ್ರೋಟೀನ್. ಕ್ಯಾಲ್ಸಿಯಂ ತಾಗಿದರೆ ನೀಲಿಯಾಗಿ ಮಿನುಗುತ್ತದೆ. ಶಿಮೊಮುರಾ ಇದನ್ನು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ಅದೇ ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗಾಗಿ 2008ರಲ್ಲಿ ನೊಬೆಲ್ ಹಂಚಿಕೊಂಡರು. 1991ರಲ್ಲಿ ಎಡಿನ್‌ಬರೋದ ಟ್ರೆವಾವಸ್, ನೈಟ್ ಮತ್ತವರ ಜೊತೆಯವರು ಈಕ್ವೊರಿನ್ ಜೀನನ್ನು ಹೊಗೆಸೊಪ್ಪಿನ ಗಿಡಕ್ಕೆ ಹಾಕಿದರು. ಸಸಿಯನ್ನು ಮುಟ್ಟಿದರೆ ಬೆಳಕು, ತಣ್ಣೀರು ಹಾಕಿದರೆ ಬೆಳಕು. ಬರಿಗಣ್ಣಿಗೆ ಕಾಣುವಷ್ಟಲ್ಲ, ಉಪಕರಣ ಹಿಡಿಯುವಷ್ಟು. ಸೆಕೆಂಡುಗಳಲ್ಲಿ ಏರಿ ಇಳಿಯುತ್ತಿತ್ತು. ಆ ಇಳಿಯುವುದಿದೆಯಲ್ಲ, ಅದು ಮೇಲೆ ಬರೆದ ಪಂಪುಗಳ ಕೆಲಸ. ಪಂಪು ಇಲ್ಲದಿದ್ದರೆ ಒಂದೇ ಸಲ ಸುದ್ದಿ ಬರುತ್ತಿತ್ತು, ಮುಂದಿನ ಸುದ್ದಿಗೆ ಜಾಗ ಇರುತ್ತಿರಲಿಲ್ಲ.

2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಟೊಯೋಟಾ, ಗಿಲ್ರಾಯ್ ಮತ್ತಿತರರು ಇನ್ನೂ ಮುಂದೆ ಹೋದರು. ಕಂಬಳಿಹುಳ ಒಂದು ಎಲೆಯನ್ನು ಕಡಿಯುತ್ತದೆ, ಕಡಿದ ಜಾಗದಿಂದ ಕ್ಯಾಲ್ಸಿಯಂ ಅಲೆ ಹೊರಟು ಸೆಕೆಂಡಿಗೆ ಸುಮಾರು 1 ಮಿಲಿಮೀಟರ್ ವೇಗದಲ್ಲಿ ನಾಳಗಳಗುಂಟ ಓಡಿ, ನಿಮಿಷ ಎರಡು ನಿಮಿಷದಲ್ಲಿ ಬೇರೆ ಎಲೆ ಮುಟ್ಟುತ್ತದೆ. ಆ ಎಲೆ ಹುಳಕ್ಕೆ ರುಚಿಸದ ರಸಾಯನ ಮಾಡಲು ತಯಾರಾಗುತ್ತದೆ. ಅಲೆ ಎಬ್ಬಿಸುವುದು ಗ್ಲುಟಮೇಟ್, ಗಾಯದಿಂದ ಸೋರುವ ಒಂದು ಅಮೈನೋ ಆಮ್ಲ. ತೆರೆಯುವ ಬಾಗಿಲು ಮೇಲೆ ಹೇಳಿದ ಜಿಎಲ್‌ಆರ್. ವಿಡಿಯೊ ಸಿಗುತ್ತದೆ, ನೋಡಿ. ಮಗಳಿಗೂ ತೋರಿಸಿ.

ಇನ್ನೊಂದು, ಅವರೆಕಾಯಿ ಊರಿನವರು ತಿಳಿದಿರಬೇಕಾದ್ದು. ಅವರೆ, ತೊಗರಿ, ಹುರುಳಿ ಇವೆಲ್ಲ ಬೇರುಗಂಟಿನಲ್ಲಿ ಬ್ಯಾಕ್ಟೀರಿಯಾ ಸಾಕಿಕೊಂಡು ಸಾರಜನಕ ಪಡೆಯುತ್ತವೆ. ಬಂದದ್ದು ಗೆಳೆಯನೋ ಕಳ್ಳನೋ ಅಂತ ಬೇರಿಗೆ ತಿಳಿಯಬೇಕಲ್ಲ. ಅದೇ ಜಾತಿಯ ಲೂಸರ್ನ್ ಮೇವಿನ ಗಿಡದಲ್ಲಿ 1996ರಲ್ಲಿ ನೋಡಿದ್ದು: ಬ್ಯಾಕ್ಟೀರಿಯಾ ಕಳಿಸುವ ರಾಸಾಯನಿಕ ಸಂಕೇತ ತಾಗಿದ ಮೇಲೆ ಬೇರುಗೂದಲಿನ ಕೋಶದಲ್ಲಿ, ಕೋಶಕೇಂದ್ರದ ಸುತ್ತಮುತ್ತ ಕ್ಯಾಲ್ಸಿಯಂ ಮೇಲೆ ಕೆಳಗೆ ಬಡಿಯತೊಡಗುತ್ತದೆ, ಸುಮಾರು ನಿಮಿಷಕ್ಕೊಮ್ಮೆ, ಗಂಟೆಗಟ್ಟಲೆ. ಒಂದೇ ಸಲ ಏರಿ ಇಳಿದರೆ ಅದಕ್ಕೆ ಒಂದು ಅರ್ಥ, ಹೀಗೆ ತಾಳ ಹಾಕಿದರೆ ಬೇರೆ ಅರ್ಥ. ಆ ತಾಳವನ್ನು ಓದುವುದಕ್ಕೆ ಬೇರೆಯೇ ಒಂದು ಕಿಣ್ವ ಇದೆ. ಒಂದೇ ಕ್ಯಾಲ್ಸಿಯಂ ಚಳಿಗೂ ಸುದ್ದಿ, ಹುಳಕ್ಕೂ ಸುದ್ದಿ, ಬ್ಯಾಕ್ಟೀರಿಯಾಕ್ಕೂ ಸುದ್ದಿ ಹೇಗೆ ಆಗುತ್ತದೆ ಅಂತ ವಿದ್ಯಾರ್ಥಿಗಳು ಕೇಳುತ್ತಿದ್ದರು. ಉತ್ತರದ ಒಂದು ಭಾಗ ಈ ತಾಳದಲ್ಲಿದೆ, ಇನ್ನೊಂದು ಭಾಗ ಓದುವ ಪ್ರೋಟೀನುಗಳ ಸಂಖ್ಯೆಯಲ್ಲಿ. ಕ್ಯಾಲ್ಸಿಯಂ ತಾಗಿದರೆ ಎಚ್ಚರವಾಗುವ ಸಿಡಿಪಿಕೆ ಅನ್ನುವ ಕಿಣ್ವಗಳೇ ಅರಾಬಿಡಾಪ್ಸಿಸ್‌ನಲ್ಲಿ 34.


ಸುಮ್ನೆ ಓದುಗ:

ಹಾಗಾದರೆ ಗಿಡಕ್ಕೂ ನೋವಾಗುತ್ತದೆ ಅಂತ ಆಯ್ತಲ್ಲ. ನರ ಇಲ್ಲದಿದ್ದರೇನು, ಗ್ಲುಟಮೇಟ್ ನಮ್ಮ ಮೆದುಳಿನಲ್ಲೂ ಇದೆ. ಸೊಪ್ಪು ಬಿಡಿಸುವಾಗ ಅದು ಚೀರುತ್ತಿರುತ್ತದೆ ಅನ್ನಿ.


ಮೇಷ್ಟ್ರು, ಮಲ್ಲೇಶ್ವರ:

ಇಲ್ಲಪ್ಪ. ಗಾಯವಾಗಿದೆ ಅನ್ನುವ ಸುದ್ದಿ ಹೋಗುವುದು ಬೇರೆ, ನೋವು ಅನುಭವಿಸುವುದು ಬೇರೆ. ನೋವುಣ್ಣಲು ಒಂದು ಮೆದುಳು ಬೇಕು, ಗಿಡದಲ್ಲಿ ಅಂಥದ್ದು ಯಾರೂ ಕಂಡಿಲ್ಲ. ಜಗದೀಶ್ ಚಂದ್ರ ಬೋಸರು ಮುಟ್ಟಿದರೆ ಮುನಿಯಲ್ಲಿ ವಿದ್ಯುತ್ ಸಂಕೇತ ಅಳೆದು ತೋರಿಸಿ ನೂರು ವರ್ಷದ ಮೇಲಾಯಿತು. ಅದೇ ಗಿಡದಲ್ಲಿ ಎಲೆ ಮಡಚುವ ಮುನ್ನ ಕ್ಯಾಲ್ಸಿಯಂ ಅಲೆ ಓಡುವುದನ್ನು ಜಪಾನಿನವರು 2022ರಲ್ಲಿ ತೋರಿಸಿದರು. ಇದು ಸಾಕಷ್ಟು ದೊಡ್ಡ ವಿಷಯ, ಅದಕ್ಕೆ ಚೀರಾಟ ಬೇರೆ ಸೇರಿಸುವುದು ಬೇಡ.


ಪತ್ರೊಡೆ ಪ್ರಿಯೆ:

ಅಡ್ಡ ಬಾಯಿ ಹಾಕುತ್ತಿದ್ದೇನೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುತ್ತದಲ್ಲ, ಅದೂ ಕ್ಯಾಲ್ಸಿಯಂ ಅಂತ ಎಲ್ಲೋ ಓದಿದೆ. ಹೌದಾ?


ಬೇರು ಬಿಳಲು:

ಹೌದು ಅಕ್ಕ, ಮತ್ತೆ ಅದೂ ಇದೇ ಕಥೆಯ ಇನ್ನೊಂದು ಕೊನೆ. ಜಾಸ್ತಿಯಾದ ಕ್ಯಾಲ್ಸಿಯಂನ ಬರೀ ರಸದಾನಿಯಲ್ಲಿ ಕರಗಿಸಿಟ್ಟರೆ ಎಷ್ಟು ಅಂತ ಹಿಡಿದೀತು? ಅನೇಕ ಗಿಡಗಳು ಆಕ್ಸಲೇಟ್ ಜೊತೆ ಸೇರಿಸಿ ಹರಳು ಮಾಡಿಬಿಡುತ್ತವೆ. ಕೆಸು, ಸುವರ್ಣಗೆಡ್ಡೆಯಲ್ಲಿ ಅದಕ್ಕೆಂದೇ ಬೇರೆ ಕೋಶಗಳಿವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕಟ್ಟು ಕಟ್ಟಾಗಿ ಸೂಜಿ, ಎರಡೂ ತುದಿ ಚೂಪು. ಎಲೆ ಜಗಿದಾಗ ಅವು ಬಾಯಿಗೆ ಚುಚ್ಚುತ್ತವೆ. ಜೊತೆಗೆ ಕೆರಳಿಸುವ ಪ್ರೋಟೀನ್ ಕೂಡ ಇರುತ್ತದೆ, ಚೆನ್ನಾಗಿ ಬೇಯಿಸಿದರೆ ಅದು ಕೆಡುತ್ತದೆ. ಪಾಲಕ್‌ನಲ್ಲೂ ಆಕ್ಸಲೇಟ್ ಬೇಕಾದಷ್ಟು. ಅದಕ್ಕೇ ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಅಂತ ಪಟ್ಟಿಯಲ್ಲಿ ಬರೆದಿದ್ದರೂ ನಮ್ಮ ಹೊಟ್ಟೆಗೆ ದಕ್ಕುವುದು ಸ್ವಲ್ಪವೇ.

ಈ ಹರಳು ಬರೀ ಕಸದ ಗುಂಡಿ ಅಲ್ಲ, ದನ ಹುಳ ತಿನ್ನದಂತೆ ಕಾವಲೂ ಹೌದು.


ತಾರಸಿ ತರಕಾರಿ, ವಿದ್ಯಾರಣ್ಯಪುರ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಮಗಳು ಮೇಷ್ಟ್ರು ಹೇಳಿದ ವಿಡಿಯೊ ಹುಡುಕಿ ಕಾಲೇಜ್ ಗ್ರೂಪಿನಲ್ಲಿ ಹಾಕಿದ್ದಾಳೆ. ಒಂದು ಕೊನೆ ಪ್ರಶ್ನೆ. ನರ್ಸರಿಯಲ್ಲಿ ಎಪ್ಸಮ್ ಸಾಲ್ಟ್ ಕೊಟ್ಟು, ಇದನ್ನೂ ಹಾಕಿ, ಕಾಯಿ ಚೆನ್ನಾಗಿ ಬರುತ್ತದೆ ಅಂದರು. ಹಾಕಬಹುದಾ?


ಕೋಲಾರದ ಹುಡ್ಗ:

ಬೇಡ ಅಣ್ಣಾ. ಅದು ಮೆಗ್ನೀಷಿಯಂ. ಬೇರಿನ ಹತ್ತಿರ ಅದೂ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಪೊಟ್ಯಾಷ್ ಜಾಸ್ತಿ ಹಾಕಿದರೂ ಅಷ್ಟೇ. ಹಳೇ ಎಲೆಯಲ್ಲಿ ನರ ಹಸಿರು ಉಳಿದು ನಡುವೆ ಹಳದಿ ಆಗಿದ್ದರೆ ಮಾತ್ರ ಎಪ್ಸಮ್ ಮಾತು. ನಿಮ್ಮದು ಹಾಗಿಲ್ಲ. ದೊಡ್ಡ ಗ್ರೋ ಬ್ಯಾಗಿಗೆ ದುಡ್ಡು ಹಾಕಿ, ಮಣ್ಣು ಜಾಸ್ತಿ ಇದ್ದಷ್ಟೂ ಬೇಗ ಒಣಗುವುದಿಲ್ಲ. ಮುಂದಿನ ಗೊನೆ ಹೂವು ಈಗಾಗಲೇ ಬಿಟ್ಟಿದ್ದರೆ ಇವತ್ತು ಸಂಜೆಯಿಂದಲೇ ನೀರು ಶುರು ಮಾಡಿ.


ಬೇರು ಬಿಳಲು:

ಕೋಲಾರದವರ ಮಾತಿಗೆ ನನ್ನ ಸಹಿ. ಬ್ಯಾಗಿನಲ್ಲಿ ಬಿಳಿ ಕಟ್ಟಿದೆ ಅಂದಿರಲ್ಲ, ಮಳೆ ಬಂದ ದಿನ ಬ್ಯಾಗನ್ನು ಪೂರ್ತಿ ನೆನೆಯಲು ಬಿಡಿ, ಸೇರಿಕೊಂಡ ಉಪ್ಪು ತೊಳೆದು ಹೋಗಲಿ. ಉಪ್ಪು ಜಾಸ್ತಿ ಇದ್ದರೆ ಬೇರು ನೀರು ಎಳೆಯುವುದೇ ಕಷ್ಟ, ಆಗ ಕ್ಯಾಲ್ಸಿಯಂ ಎಷ್ಟಿದ್ದರೂ ಮೇಲೆ ಹೋಗುವುದಿಲ್ಲ. ಮಗಳಿಗೆ ಲ್ಯಾಬ್ ನೋಡುವ ಆಸೆ ಇದ್ದರೆ ಮೆಸೇಜ್ ಮಾಡಲು ಹೇಳಿ, ಗೈಡ್ ಹತ್ತಿರ ಕೇಳಿ ನೋಡುತ್ತೇನೆ.